ಗಾಜಿನ ಪಕ್ಕದಲ್ಲಿ ಬಿಟ್ಟ ಶೂ

ಮಿಲ್ಪಿಟಾಸ್
ಏಪ್ರಿಲ್ 4, 2025

ಆರತಿ,

ಎರಡು ಬೀದಿ ಆಚೆಗಿರುವ ಮನೆಗೆ ಸ್ಟಾಂಪು ಹಚ್ಚಿ ಕಾಗದ ಹಾಕುತ್ತಿದ್ದೇನೆಂದು ಗಂಡನೆನಿಸಿಕೊಂಡ ಅಭಿರಾಮ್ ನನ್ನನ್ನು ಆಡಿಕೊಂಡು ನಗುತ್ತಿದ್ದಾನೆ. ನಗಲಿ. ನೀನು ಫೋನು ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಭಾನುವಾರದ ಕನ್ನಡ ಕ್ಲಾಸಿಗೆ ಪಾಠ ಮಾಡಲು ಬರುವುದನ್ನೂ ಬಿಟ್ಟಿದ್ದೀಯ. ಮಕ್ಕಳಿಗೆ ನನ್ನ ಒತ್ತಕ್ಷರದ ಪಾಠ ರುಚಿಸುತ್ತಿಲ್ಲ, ಆರತಿ ಆಂಟಿ ಎಲ್ಲಿ ಎಂದು ಕೇಳುತ್ತಿವೆ. ನಿನ್ನೆ ನಿನ್ನ ಮನೆಯ ತನಕ ಬಂದಿದ್ದೆ. ಒಳಗೆ ಟಿ.ವಿ. ಕೇಳಿಸಿತು, ನಿನ್ನ ಅತ್ತೆಯ ಕೆಮ್ಮು ಕೇಳಿಸಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಕಳೆದ ತಿಂಗಳು ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದಾಗ ನಡೆದದ್ದನ್ನು ಸ್ಕೂಲಿನವರು ನಿನಗೆ ಯಾವ ರೀತಿ ಹೇಳಿದರೋ ನನಗೆ ತಿಳಿಯದು. ನಾನು ಅವತ್ತು ಜೊತೆಗೆ ಹೋಗಿದ್ದ ಅಮ್ಮಂದಿರಲ್ಲಿ ಒಬ್ಬಳು. ಆರು ಮಕ್ಕಳನ್ನು ನನ್ನ ಸುಪರ್ದಿಗೆ ಕೊಟ್ಟಿದ್ದರು. ಅದರಲ್ಲಿ ಕನ್ನಡದ ಮಕ್ಕಳು ನಮ್ಮವೆರಡೇ, ನನ್ನ ಗಾರ್ಗಿ, ನಿನ್ನ ಕುಶಲ್. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ನೀನು ಕಟ್ಟಿಕೊಟ್ಟ ಚಕ್ಕುಲಿ ತಿಂದು ಮುಗಿಸಿದ್ದವು. ಏಳನೇ ಕ್ಲಾಸಿನ ಮಕ್ಕಳಿಗೆ ಇಂಥದ್ದನ್ನೆಲ್ಲ ತೋರಿಸಬೇಕೆ ಎಂದು ನನಗೆ ಮೊದಲಿನಿಂದ ಅನುಮಾನ. ಯಹೂದಿಗಳನ್ನು ಹಿಟ್ಲರನ ಜನ ಹೇಗೆ ರೈಲಿಗೆ ತುಂಬಿದರು, ಅಕ್ಕಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು ಹೇಗೆ ನೋಡಿದರು ಎಂಬ ಫೋಟೋಗಳು. ಒಂದು ಗೋಡೆಯ ಮೇಲೆ ದೊಡ್ಡದಾಗಿ, ಯಾರು ಸುಮ್ಮನಿದ್ದರು ಎಂಬ ಪ್ರಶ್ನೆ. ಆಮೇಲೆ ಒಬ್ಬ ಮುದುಕರು ತಮ್ಮ ತಾಯಿಯ ಕಥೆ ಹೇಳಿದರು. ಆಕೆ ಚಿಕ್ಕ ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಬೇಕರಿಯವನು ಅಟ್ಟದಲ್ಲಿ ಬಚ್ಚಿಟ್ಟನಂತೆ. ಸೈನಿಕರು ಬಂದು ಹೊಡೆದರೂ ಆತ ಹೆಸರು ಹೇಳಲಿಲ್ಲವಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದವು.

ಕೊನೆಯಲ್ಲಿ ಒಂದು ಕತ್ತಲೆಯ ಕೋಣೆ. ಒಳಗೆ ಸಣ್ಣ ದೀಪಗಳು, ಸತ್ತ ಮಕ್ಕಳ ಹೆಸರನ್ನು ಒಂದು ಧ್ವನಿ ಓದುತ್ತಲೇ ಇರುತ್ತದೆ. ಹೋಗುವ ಮುಂಚೆ ಗಲಾಟೆ ಬೇಡ ಎಂದು ಆರು ಮಕ್ಕಳಿಗೂ ಇಂಗ್ಲಿಷಿನಲ್ಲಿ ಹೇಳಿದೆ, ನಮ್ಮ ಇಬ್ಬರು ಮಕ್ಕಳಿಗೆ ಇನ್ನೊಮ್ಮೆ ಕನ್ನಡದಲ್ಲಿ ಹೇಳಿದೆ. ಆ ಕೋಣೆಯ ಬಾಗಿಲ ಹತ್ತಿರವೇ ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಶೂಗಳ ರಾಶಿ. ಜನರನ್ನು ಕೂಡಿಹಾಕಿ ಕೊಂದ ಕ್ಯಾಂಪುಗಳಲ್ಲಿ ಅವರಿಂದ ಬಿಚ್ಚಿಸಿಕೊಂಡವು. ಪುಟ್ಟ ಪುಟ್ಟವೂ ಇದ್ದವು. ಕುಶಲ್ ಬಗ್ಗಿ ಲೇಸು ಬಿಚ್ಚಿದ. ದೀಪಾವಳಿಗೆ ನೀನು ಕೊಡಿಸಿದ ನೀಲಿ ಶೂಗಳನ್ನು ಆ ಗಾಜಿಗೆ ಒತ್ತಿ ನೀಟಾಗಿ ಜೋಡಿಸಿಟ್ಟು ಒಳಗೆ ಹೋದ.

ಅಷ್ಟೇ ನಡೆದದ್ದು. ಆದರೆ ಹಿಂದಿನ ಗುಂಪಿನ ಹುಡುಗನೊಬ್ಬ ಫೋಟೋ ಹೊಡೆದು ನಗುವ ಮುಖಗಳನ್ನು ಅಂಟಿಸಿ ಎಲ್ಲರಿಗೂ ಕಳಿಸಿಬಿಟ್ಟ. ಮಿರಿಯಮ್ ಎಂಬ ಹುಡುಗಿ ಇದ್ದಾಳಲ್ಲ, ಅವಳ ಮುತ್ತಜ್ಜಿಯ ಮನೆಯವರು ಅಂಥ ಕ್ಯಾಂಪಿನಲ್ಲೇ ಸತ್ತವರು, ಅವಳು ಬಿಕ್ಕಿಬಿಕ್ಕಿ ಅಳತೊಡಗಿದಳು. ಟೀಚರು ಶೂ ಎತ್ತಿ ಹಿಡಿದು ಇದು ಯಾರದೆಂದರು. ಗಾರ್ಗಿ ಕುಶಲ್‌ದು ಎಂದಳು. ಅವಳು ಹೇಳಿದ್ದು ಅಷ್ಟೇ, ಸುಳ್ಳೇನಲ್ಲ. ನನ್ನನ್ನೂ ಕೇಳಿದರು. ಆ ಗದ್ದಲದಲ್ಲಿ ನಾನೂ ಏನೋ ಹೇಳಿದೆ.

ಗಾರ್ಗಿಯ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಮಗು ಅದು.

ನಿನ್ನ ಫೋನಿಗೆ ಕಾಯುತ್ತಿರುವ
ರಂಜನಿ


ಮಿಲ್ಪಿಟಾಸ್
ಏಪ್ರಿಲ್ 13, 2025

ರಂಜನಿ,

ನಿನ್ನ ಕಾಗದ ಓದಿದೆ. ನನ್ನ ಗಂಡ ಶಿವಪ್ರಸಾದರಿಗೂ ಓದಿ ಹೇಳಿದೆ. ಅವರು ಎದ್ದು ಕಸದ ಡಬ್ಬಿ ಹೊರಗಿಡಲು ಹೋದರು.

ಗಾರ್ಗಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಯಾರ ಮೇಲೆಂದು ನಿನಗೆ ಗೊತ್ತಿದ್ದೂ ಕಾಗದದ ತುಂಬ ಮಗುವನ್ನು ಮುಂದೆ ಮಾಡಿದ್ದೀಯ. ‘ಏನೋ ಹೇಳಿದೆ’ ಎಂದು ಬರೆದಿದ್ದೀಯಲ್ಲ, ನೀನು ಹೇಳಿದ್ದೇನೆಂದು ಪ್ರಿನ್ಸಿಪಾಲರು ನನಗೆ ತಿಳಿಸಿದ್ದಾರೆ. ನಾನು ನೋಡಲಿಲ್ಲ ಎಂದೆಯಂತೆ. ಅದೇ ನೀನು, ಅವನು ಲೇಸು ಬಿಚ್ಚಿದ್ದನ್ನೂ ಜೋಡಿಸಿಟ್ಟದ್ದನ್ನೂ ನನಗೆ ಚಿತ್ರ ಬರೆದ ಹಾಗೆ ಬರೆದು ಕಳಿಸಿದ್ದೀಯ.

ಸ್ಕೂಲಿನವರ ಪ್ರಕಾರ ಅವನು ಸತ್ತವರನ್ನು ಅಣಕಿಸಿದ್ದಾನೆ. ಮೇ ಹದಿನೈದರೊಳಗೆ ಇಡೀ ಕ್ಲಾಸಿನ ಮುಂದೆ ನಿಂತು ಕ್ಷಮೆ ಕೇಳಬೇಕು. ಇಲ್ಲವಾದರೆ ದ್ವೇಷದ ವರ್ತನೆ ಎಂದು ಅವನ ಹೆಸರಿನ ಮುಂದೆ ದಾಖಲಾಗುತ್ತದೆ. ಪೂಜೆಗೆ ಕೂತ ಹಾಗೆ ಶೂ ಕಳಚಿಟ್ಟ ಹುಡುಗನಿಗೆ ದ್ವೇಷದ ವರ್ತನೆ! ನಾನು ಹೋಗಿ ನಮ್ಮ ಕಡೆ ಪದ್ಧತಿ ಹೀಗೆ ಎಂದು ವಿವರಿಸಿದೆ. ತಾಯಿಯಾದವಳು ಹಾಗೆ ಹೇಳುವುದು ಸಹಜವೆಂದು ಬಹಳ ಮರ್ಯಾದೆಯಿಂದ ತಲೆಯಾಡಿಸಿದರು. ಅಲ್ಲಿದ್ದ ಇನ್ನೊಬ್ಬ ಭಾರತೀಯ ತಾಯಿ ಹಾಗೇನೂ ಹೇಳಲಿಲ್ಲವಲ್ಲ ಎಂದರು. ನಾನು ಎದ್ದು ಬಂದೆ.

ಕುಶಲನೂ ಬಾಯಿ ಬಿಡುವುದಿಲ್ಲ. ಯಾಕೆ ಬಿಚ್ಚಿದಿ ಎಂದರೆ ಬಿಚ್ಚಿದೆ, ಅಷ್ಟೇ ಎನ್ನುತ್ತಾನೆ. ಅದಕ್ಕಿಂತ ನನಗೆ ತಡೆಯಲಾಗದ್ದು ಬೇರೆ ಇದೆ. ಅವತ್ತಿನಿಂದ ಅವನು ಮನೆಯೊಳಗೆ ಶೂ ಹಾಕಿಕೊಂಡೇ ಓಡಾಡುತ್ತಾನೆ. ಅಡುಗೆಮನೆಗೂ ಶೂ, ಮಂಚದ ಮೇಲೂ ಶೂ. ಗದಗದಿಂದ ಬಂದಿರುವ ನಮ್ಮ ಅತ್ತೆ ಬಂಗಾರೆವ್ವ ದೇವರ ಜಗುಲಿಯ ಮುಂದೆ ಅವನ ಕಾಲು ಹಿಡಿದುಕೊಂಡೇಬಿಟ್ಟರು. “ಯಾಕೋ ನನ್ನಪ್ಪಾ, ಏನಾಗೇತಿ ನಿನಗ?” ಎಂದು ಕೇಳಿದರು. ಅವನು ಕಾಲು ಬಿಡಿಸಿಕೊಂಡು ಹೋದ.

ಹನ್ನೆರಡು ವರ್ಷದಿಂದ ನನ್ನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ನೀನು. ಒಂದು ಮಾತು ಸಾಕಿತ್ತು. ಯಾಕೆ ಆಡಲಿಲ್ಲ? ಇದಕ್ಕೆ ಉತ್ತರವಿದ್ದರೆ ಮಾತ್ರ ಬರೆ.

ಆರತಿ


ಮಿಲ್ಪಿಟಾಸ್
ಏಪ್ರಿಲ್ 27, 2025

ಆರತಿ,

ಉತ್ತರವಿದ್ದರೆ ಮಾತ್ರ ಬರೆ ಎಂದಿದ್ದೀಯ. ಉತ್ತರ ಇದೆಯೋ ಇಲ್ಲವೋ ತಿಳಿಯದೆಯೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಎಷ್ಟೋ ಸಲ ಶುರುಮಾಡಿ ಹರಿದೆ.

ಟೀಚರು ನನ್ನ ಕಡೆ ತಿರುಗಿದಾಗ ಅವರ ಕಣ್ಣು ಕೆಂಪಾಗಿತ್ತು. ಮಿರಿಯಮ್ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದಳು. ‘ಇನ್ ಅವರ್ ಕಲ್ಚರ್’ ಎಂದು ನನ್ನ ಬಾಯಲ್ಲಿ ಒಂದು ವಾಕ್ಯ ಆಗಲೇ ತಯಾರಾಗಿತ್ತು. ಈ ದೇಶಕ್ಕೆ ಬಂದಾಗಿನಿಂದ ಆ ವಾಕ್ಯವನ್ನು ಎಷ್ಟು ಸಲ ಶುರುಮಾಡಿದ್ದೇನೋ. ಆಫೀಸಿನಲ್ಲಿ ಊಟದ ಡಬ್ಬಿ ತೆಗೆದಾಗ, ಗಾರ್ಗಿಯ ತಲೆಗೆ ಎಣ್ಣೆ ಹಚ್ಚಿ ಡೇಕೇರಿಗೆ ಕಳಿಸಿದಾಗ. ಸತ್ತ ಮಕ್ಕಳ ಶೂಗಳ ಮುಂದೆ ನಿಂತು ನಮ್ಮ ಮನೆಯ ಪದ್ಧತಿ ವಿವರಿಸಲು ನಾಚಿಕೆಯಾಯಿತು. ನೆಪ ಹೇಳಿದ ಹಾಗೆ ಕೇಳಿಸುತ್ತದೆಂದು ಹೆದರಿದೆ. ಇದು ನಿಜ. ಆದರೆ ಇದು ಪೂರ್ತಿ ನಿಜವಲ್ಲ. ಟೀಚರು ಆ ನೀಲಿ ಶೂ ಎತ್ತಿ ಹಿಡಿದಾಗ, ಸದ್ಯ, ಇದು ಗಾರ್ಗಿಯದಲ್ಲ ಎಂದು ನನಗೆ ಸಮಾಧಾನವಾಯಿತು. ಕಿಟಕಿಯಲ್ಲಿ ನಿಂತು ನೋಡಿದವರ ಫೋಟೋಗಳನ್ನು ಆಗ ತಾನೇ ನೋಡಿ ಬಂದಿದ್ದೆ, ಆರತಿ. ಅಯ್ಯೋ, ಎಂಥ ಜನ ಎಂದುಕೊಂಡೇ ಬಂದಿದ್ದೆ.

ಇನ್ನೊಂದು ವಿಷಯ. ಗಾರ್ಗಿ ನನ್ನ ಜೊತೆ ಕನ್ನಡ ಮಾತಾಡುವುದನ್ನು ನಿಲ್ಲಿಸಿ ತಿಂಗಳಾಯಿತು. ಆಡಿದರೆ ಎರಡು ಮಾತು ಇಂಗ್ಲಿಷು, ಬಾಗಿಲು ಧಡ್. ಪರೀಕ್ಷೆಯ ತಲೆಬಿಸಿ ಇರಬೇಕೆಂದು ಬಿಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ ಊಟದ ಹೊತ್ತಿನಲ್ಲಿ ಕೂರಿಸಿ ಕೇಳಿದೆ. ಕುಶಲ್ ಯಾಕೆ ಶೂ ಬಿಚ್ಚಿದ ಅಂತ ನಿನಗಾದರೂ ಗೊತ್ತಿತ್ತಲ್ಲ, ಟೀಚರಿಗೆ ಯಾಕೆ ಹೇಳಲಿಲ್ಲ ಎಂದೆ. ಅವಳು ನನ್ನನ್ನೇ ನೋಡಿದಳು.

“ಅಮ್ಮಾ, ಹೀ ಡಿಡ್ ವಾಟ್ ಯೂ ಸೆಡ್” ಎಂದಳು.

ನಾನೇನು ಹೇಳಿದೆ ಎಂದೆ. ಆ ಕೋಣೆಯ ಬಾಗಿಲಲ್ಲಿ ನಿಂತು ನಾನು ಕನ್ನಡದಲ್ಲಿ ಹೇಳಿದ್ದನ್ನು ಅವಳು ನನ್ನ ಧ್ವನಿಯಲ್ಲೇ ಒಪ್ಪಿಸಿದಳು. “ಇದು ದೇವರ ಮನೆ ಇದ್ದ ಹಾಗೆ ಕಣ್ರೋ. ಹೇಗೆ ಹೋಗಬೇಕೋ ಹಾಗೆ ಹೋಗಿ.”

ಹೌದು, ಹೇಳಿದ್ದೆ. ಗಲಾಟೆ ಬೇಡ ಎಂಬರ್ಥದಲ್ಲಿ ಹೇಳಿದ್ದೆ. ಆದರೆ ನಿನ್ನ ಮನೆಯಲ್ಲಿ ಬೆಳೆದ ಹುಡುಗ ದೇವರ ಮನೆಗೆ ಹೇಗೆ ಹೋಗುತ್ತಾನೆ? ಗಾರ್ಗಿಯೂ ಬಿಚ್ಚಲು ಬಗ್ಗಿದ್ದಳಂತೆ. ಬೇರೆ ಯಾರೂ ಬಿಚ್ಚುತ್ತಿಲ್ಲವೆಂದು ಕಂಡು ಮತ್ತೆ ನೆಟ್ಟಗಾದಳಂತೆ. ಅವನು ಸುತ್ತ ನೋಡಲಿಲ್ಲ. ಶೂ ಎಲ್ಲಿ ಬಿಡುವುದೆಂದು ಹುಡುಕಿ, ಶೂಗಳಿದ್ದ ಕಡೆಯಲ್ಲೇ ಬಿಟ್ಟ. ಅಮ್ಮ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಗಾರ್ಗಿ ನನ್ನ ಪಕ್ಕದಲ್ಲೇ ಕಾಯುತ್ತಾ ನಿಂತಿದ್ದಳು. ನಾನು ನೋಡಲಿಲ್ಲ ಎಂದುಬಿಟ್ಟೆ. ಆಮೇಲೆ ಅವಳು ಬಾಯಿ ಬಿಟ್ಟರೆ ಅಮ್ಮ ಸುಳ್ಳುಗಾತಿಯಾಗುತ್ತಾಳೆ. ಅದಕ್ಕೆ ಸುಮ್ಮನಾದಳಂತೆ.

ಕುಶಲ್ ಇದನ್ನು ನಿನಗೆ ಯಾಕೆ ಹೇಳಲಿಲ್ಲವೋ ನನಗೆ ಅರ್ಥವಾಗುತ್ತಿಲ್ಲ. ನನಗೆ ಯಾವುದೂ ಅರ್ಥವಾಗುತ್ತಿಲ್ಲ. ಈಗ ಹೋಗಿ ಹೇಳಿದರೆ, ಒಂದು ತಿಂಗಳು ಎಲ್ಲಿದ್ದೆ ಎನ್ನುತ್ತಾರೆ. ಹೇಳುವುದರಿಂದ ಅವನಿಗೆ ಒಳ್ಳೆಯದಾಗುತ್ತದೋ, ನಾವೆಲ್ಲ ಸೇರಿ ಕಥೆ ಕಟ್ಟಿದೆವು ಅನ್ನುತ್ತಾರೋ. ನೀನೇ ಹೇಳು.

ರಂಜನಿ


ಮಿಲ್ಪಿಟಾಸ್
ಮೇ 9, 2025

ರಂಜನಿ,

ನೀನೇ ಹೇಳು ಎಂದು ನನ್ನ ತಲೆಗೆ ಕಟ್ಟಿದ್ದೀಯ. ಒಳ್ಳೆಯದಾಯಿತು.

ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡೇ ಕುಶಲನ ಕೋಣೆಗೆ ಹೋದೆ. ರಂಜನಿ ಆಂಟಿ ಹೇಳಿದ್ದಕ್ಕೆ ಬಿಚ್ಚಿದೆಯಾ ಎಂದೆ. ಅವನು ಹಾಸಿಗೆಯಿಂದ ಎದ್ದು ನಿಂತ. ನಿನಗೆ ಯಾರು ಹೇಳಿದ್ದು ಎಂದು ಕೇಳಿದ. ಆಂಟಿಯೇ ಬರೆದಿದ್ದಾಳೆ ಎಂದು ಕಾಗದ ತೋರಿಸಿದ ಮೇಲೆ ಕೂತ. ಮ್ಯೂಸಿಯಮ್ಮಿನ ಮುದುಕರು ಬೇಕರಿಯವನ ಕಥೆ ಹೇಳಿದರೆಂದು ಬರೆದಿದ್ದೆಯಲ್ಲ. ಹೆಸರು ಹೇಳದವನೇ ಒಳ್ಳೆಯವನು ಎಂದು ಇವನು ಅಲ್ಲಿಂದ ಕಲಿತುಕೊಂಡು ಬಂದಿದ್ದಾನೆ. ಆಂಟಿ ನೋಡಲಿಲ್ಲ ಎಂದರು, ಅವರಿಗೆ ಭಯ ಇರಬೇಕು, ಅದಕ್ಕೇ ನಾನು ಹೆಸರು ಹೇಳಲಿಲ್ಲ ಎಂದ. ನನಗೆ ನಗಬೇಕೋ ಕಪಾಳಕ್ಕೆ ಬಾರಿಸಬೇಕೋ ಗೊತ್ತಾಗಲಿಲ್ಲ. ರಂಜನಿ ಆಂಟಿಗೆ ಎಲ್ಲಿಯ ಭಯ, ಯಾವ ಸೈನಿಕರು ಬಂದಿದ್ದರು ಅಲ್ಲಿ ಎಂದು ಕೂಗಾಡಿದೆ. ಆಮೇಲೆ ಸ್ನಾನದ ಮನೆಗೆ ಹೋಗಿ ಅತ್ತುಬಿಟ್ಟೆ.

ನೋಡು, ಒಂದೇ ಮ್ಯೂಸಿಯಂ. ಸುಮ್ಮನಿರಬಾರದು ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಸುಮ್ಮನಿದ್ದವನ ಕಥೆ ಹೇಳಿ ಕಣ್ಣೀರು ತರಿಸಿದ್ದಾರೆ. ಹನ್ನೆರಡು ವರ್ಷದ ಹುಡುಗ ಯಾವುದನ್ನು ಹಿಡಿಯಬೇಕು?

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮೊಮ್ಮಗನ ಪರ ನಿಂತು ಸ್ಕೂಲಿನವರನ್ನು ಬೈಯುತ್ತಾರೆಂದುಕೊಂಡಿದ್ದೆ. ಅವರು, “ಮಂದಿ ಸತ್ತ ಮನಿಗೆ ಹೋದಾಗ ಮೊದಲ ಅವರು ಹೆಂಗ ಮಾಡ್ತಾರ ನೋಡಬೇಕಾಗಿತ್ತು. ಆ ಹುಡುಗಿ ಅತ್ತಿದ್ದು ಖರೇನ ಐತಿ” ಎಂದರು. ಇವನಿಗೂ ಅದು ಕೇಳಿಸಿತು. ಅವತ್ತೇ ಕೂತು ಕ್ಷಮೆಯ ಮಾತು ಬರೆಯಲು ಶುರುಮಾಡಿದ್ದಾನೆ. ಇಷ್ಟು ದಿನ ಬರೆಯುವುದಿಲ್ಲ ಎಂದು ಹಟ ಹಿಡಿದವನು. ನನಗೆ ತೋರಿಸುವುದಿಲ್ಲ.

ಮಾಡದ ತಪ್ಪಿಗೆ ನನ್ನ ಮಗ ತಲೆ ತಗ್ಗಿಸುವುದನ್ನು ನಾನು ನೋಡಲಾರೆ. ಹದಿನೈದನೇ ತಾರೀಕು ಗುರುವಾರ, ಮೊದಲನೇ ಪೀರಿಯಡ್ಡು. ಹೋಗು ಎಂದು ನಿನಗೆ ನಾನು ಹೇಳುವುದಿಲ್ಲ. ನನ್ನ ಬಾಯಿಂದ ಹೇಳಿಸಿಕೊಂಡು ಹೋದರೆ ಅದು ನೀನು ಹೋದ ಹಾಗೆ ಆಗುವುದಿಲ್ಲ.

ಆರತಿ


ಮಿಲ್ಪಿಟಾಸ್
ಮೇ 16, 2025

ಆರತಿ,

ಹೋಗಿದ್ದೆ. ನಿನಗೆ ಯಾರು ಏನು ಹೇಳಿದರೋ, ಕುಶಲ್ ಹೇಳಿದನೋ ಇಲ್ಲವೋ, ನನ್ನ ಕಡೆಯಿಂದಲೂ ಇರಲಿ.

ನಿನ್ನ ಕಾಗದ ಮಂಗಳವಾರವೇ ಬಂದಿತ್ತು. ಬುಧವಾರವೇ ಹೋಗಬಹುದಿತ್ತು, ಟೀಚರಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ಕಾರಿನಲ್ಲಿ ಕೂತೆ, ಇಳಿದೆ, ಮತ್ತೆ ಕೂತೆ. ಸ್ಕೂಲಿನ ಕೌಂಟರಿನಲ್ಲಿ ಹೆಸರು ಬರೆಸಿ, ವಿಸಿಟರ್ ಚೀಟಿ ಎದೆಗೆ ಅಂಟಿಸಿಕೊಂಡು ಕ್ಲಾಸಿನ ಬಾಗಿಲಿಗೆ ಬರುವಷ್ಟರಲ್ಲಿ ಕುಶಲ್ ಓದಲು ಶುರುಮಾಡಿಬಿಟ್ಟಿದ್ದ.

ಬಾಗಿಲು ಅರ್ಧ ತೆರೆದಿತ್ತು. ನಾನು ಹೊರಗೆ ನಿಂತು ಕೇಳಿದೆ. ಚಿಕ್ಕದಾಗಿ ಬರೆದಿದ್ದ. ನಾನು ನನ್ನ ಶೂಗಳನ್ನು ಆ ಶೂಗಳ ಪಕ್ಕದಲ್ಲಿ ಬಿಟ್ಟೆ. ನಾನು ವಾಪಸ್ಸು ಬಂದು ನನ್ನವನ್ನು ಹಾಕಿಕೊಂಡೆ. ಅವುಗಳನ್ನು ಹಾಕಿಕೊಳ್ಳಲು ಯಾರೂ ವಾಪಸ್ಸು ಬರಲಿಲ್ಲ. ಅದನ್ನು ನಾನು ಯೋಚಿಸಿರಲಿಲ್ಲ, ಸಾರಿ. ಇಷ್ಟೇ. ಪದ್ಧತಿಯ ಮಾತಿಲ್ಲ, ನನ್ನ ಮಾತಿಲ್ಲ. ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.

ಎಲ್ಲ ಮುಗಿಯಿತಲ್ಲ, ಇನ್ನು ನಾನು ಒಳಗೆ ಹೋದರೆ ಅವನು ಓದಿದ್ದೇ ಹಾಳಾಗುತ್ತದೆ ಎಂದು ಅನ್ನಿಸಿತು. ಹಿಂದಕ್ಕೆ ಹೋಗಿಬಿಡುವ ಮನಸ್ಸಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಮೂರನೇ ಸಾಲಿನಿಂದ ಗಾರ್ಗಿ ನನ್ನನ್ನು ನೋಡಿದಳು. ಒಳಗೆ ಹೋದೆ.

ಏನು ಹೇಳಿದೆನೋ, ಇಂಗ್ಲಿಷು ಎಲ್ಲ ತೊದಲಾಗಿತ್ತು. ಅವನು ಬಿಚ್ಚಿದ್ದನ್ನು ನೋಡಿದ್ದೆ ಎಂದೆ. ಯಾಕೆ ಬಿಚ್ಚಿದನೆಂದೂ ಗೊತ್ತಿತ್ತು ಎಂದೆ. ಆ ಕೋಣೆ ದೇವರ ಮನೆಯ ಹಾಗೆ ಎಂದು ಹೇಳಿದವಳು ನಾನೇ, ನಮ್ಮಲ್ಲಿ ಅಂಥ ಜಾಗಕ್ಕೆ ಶೂ ಹಾಕಿಕೊಂಡು ಹೋಗುವುದೇ ಅವಮಾನ ಎಂದೆ. ಟೀಚರು, ಅವತ್ತೇ ಯಾಕೆ ಹೇಳಲಿಲ್ಲ ಎಂದರು. ನಿನಗೆ ಬರೆದ ಉತ್ತರ ನನ್ನ ಹತ್ತಿರ ಇತ್ತು. ಗಾರ್ಗಿ ಕೇಳಿಸಿಕೊಳ್ಳುತ್ತಿದ್ದಳು. ಆದರೂ ಹೇಳಿದೆ. ಅದು ನನ್ನ ಮಗಳ ಶೂ ಅಲ್ಲವಲ್ಲ ಎಂದು ಸಮಾಧಾನವಾಗಿತ್ತು ಎಂದೆ.

ಆಗ ಮಿರಿಯಮ್ ಎದ್ದಳು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೀನು ತಪ್ಪೇ ಮಾಡಿಲ್ಲ ಅಂದ ಮೇಲೆ ಸಾರಿ ಯಾಕೆ ಕೇಳಿದೆ ಎಂದು ಕುಶಲನನ್ನು ಕೇಳಿದಳು. ಅವನು ಏನು ಹೇಳಿದ ಗೊತ್ತೇ?

“ಬಿಕಾಸ್ ಯೂ ಕ್ರೈಡ್” ಎಂದ.

ಆಮೇಲೆ ಬೆಲ್ಲು ಹೊಡೆಯಿತು. ಎಲ್ಲರೂ ಬ್ಯಾಗು ಎತ್ತಿಕೊಂಡು ಇನ್ನೊಂದು ಕ್ಲಾಸಿಗೆ ಹೊರಟುಬಿಟ್ಟರು. ಈಗ ಈ ಆಂಟಿ ಸಾರಿ ಕೇಳಬೇಕಾ ಎಂದು ಒಬ್ಬ ಹುಡುಗ ಟೀಚರನ್ನು ಕೇಳುತ್ತಿದ್ದ. ಅವರು ಅವನ ಬ್ಯಾಗನ್ನು ಕೈಗೆ ಕೊಟ್ಟು ಕಳಿಸಿದರು. ದಾಖಲೆಯಲ್ಲಿ ಏನೂ ಬರೆಯುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ, ನಿನಗೂ ತಿಳಿಸಿರಬೇಕು. ಆ ಫೋಟೋ ಮಾತ್ರ ಎಷ್ಟು ಫೋನುಗಳಲ್ಲಿದೆಯೋ.

ನಾನು ಮಾಡಿದ್ದು ಸರಿಯೋ, ತಡವಾದ ಮೇಲೆ ಮಾಡಿದ್ದಕ್ಕೆ ಬೆಲೆ ಇದೆಯೋ, ಮಗುವಿನ ಕ್ಷಮೆಯ ನಡುವೆ ನುಗ್ಗಿ ನನ್ನ ಭಾರ ಇಳಿಸಿಕೊಂಡೆನೋ. ರಾತ್ರಿ ಗಾರ್ಗಿ ಅಡುಗೆಮನೆಗೆ ಬಂದು ತಟ್ಟೆ ಹಾಕಲಾ ಎಂದು ಕನ್ನಡದಲ್ಲಿ ಕೇಳಿದಳು. ಹಾಕು ಎಂದೆ.

ನಿನ್ನನ್ನು ಏನು ಕೇಳಬೇಕೆಂದು ತಿಳಿಯದ
ರಂಜನಿ


ಮಿಲ್ಪಿಟಾಸ್
ಜೂನ್ 8, 2025

ರಂಜನಿ,

ನನ್ನ ಸಿಟ್ಟು ಇಳಿದಿದೆ ಎಂದು ಸುಳ್ಳು ಬರೆಯಲಾರೆ. ಒಂದೊಂದು ದಿನ ಇಲ್ಲವೇ ಇಲ್ಲ ಅನ್ನಿಸುತ್ತದೆ, ಮರುದಿನ ಒಗ್ಗರಣೆ ಹಾಕುವಾಗ ಮತ್ತೆ ಏಳುತ್ತದೆ. ನೀನು ಅವತ್ತು ಒಳಗೆ ಹೋದದ್ದು ನನಗೆ ಬೇಕಿತ್ತು. ಒಂದೂವರೆ ತಿಂಗಳು ಹೋಗದೆ ಇದ್ದದ್ದೂ ನನ್ನ ತಲೆಯಿಂದ ಹೋಗಿಲ್ಲ. ಎರಡನ್ನೂ ಇಟ್ಟುಕೊಂಡೇ ನಿನಗೆ ಬರೆಯುತ್ತಿದ್ದೇನೆ.

ಕುಶಲ್ ಈಗ ಮನೆಯಲ್ಲಿ ಶೂ ಹಾಕಿಕೊಂಡು ಓಡಾಡುವುದಿಲ್ಲ. ಅತ್ತೆಗೆ ಅಷ್ಟೇ ಸಾಕಾಗಿದೆ, ಗದಗಕ್ಕೆ ನೆಮ್ಮದಿಯಿಂದ ಹೋಗುತ್ತೇನೆ ಎಂದು ಬ್ಯಾಗು ಕಟ್ಟುತ್ತಿದ್ದಾರೆ. ಅವರಿಗೆ ಕಾಣದ್ದು ನನಗೆ ಕಾಣುತ್ತದೆ. ಅವನು ಈಗ ಎಲ್ಲಿಗೆ ಹೋದರೂ ಬಾಗಿಲಲ್ಲಿ ನಿಲ್ಲುತ್ತಾನೆ. ಮೊದಲು ಬೇರೆಯವರ ಕಾಲು ನೋಡುತ್ತಾನೆ, ಆಮೇಲೆ ಇಲ್ಲಿ ಶೂ ಬಿಡಬಹುದಾ ಎಂದು ಕೇಳುತ್ತಾನೆ. ಗುಡಿಯಲ್ಲಿ ಕೇಳಿದ. ಡೆಂಟಿಸ್ಟ್ ಹತ್ತಿರ ಕೇಳಿದ. ನಿನ್ನೆ ಸಂಜೆ ಆಡಿಕೊಂಡು ಬಂದು ನಮ್ಮ ಮನೆಯ ಬಾಗಿಲಲ್ಲಿ, ಅವನು ನಡೆಯಲು ಕಲಿತಾಗಿನಿಂದ ಚಪ್ಪಲಿ ಎಸೆದು ಓಡಿ ಬರುತ್ತಿದ್ದ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ. ನಾನು ಒಲೆ ಆರಿಸಿ ಓಡಿದೆ. ಬಿಡಪ್ಪಾ, ನಿನ್ನದೇ ಮನೆ ಎಂದೆ.

ಬರುವ ಭಾನುವಾರ ಕನ್ನಡ ಕ್ಲಾಸಿಗೆ ನಾನು ಬರುತ್ತೇನೆ. ಅದಕ್ಕೆ ಮುಂಚೆ ಕುಶಲನನ್ನು ನಿಮ್ಮ ಮನೆಗೆ ಬಿಡುತ್ತೇನೆ, ಗಾರ್ಗಿಯ ಜೊತೆ ಅವನಿಗೆ ಏನೋ ಮಾತಿದೆಯಂತೆ. ನಾನು ಕಾರಿನಿಂದ ಇಳಿಯುವುದಿಲ್ಲ, ಇನ್ನೂ ಆಗುವುದಿಲ್ಲ. ಬಾಗಿಲು ನೀನೇ ತೆಗೆ, ಅಭಿರಾಮನನ್ನು ಕಳಿಸಬೇಡ. ಕುಶಲ್ ಹೊಸ್ತಿಲಾಚೆ ನಿಂತು, ಇಲ್ಲಿ ಶೂ ಬಿಡಬಹುದಾ ಎಂದು ನಿನ್ನನ್ನೂ ಕೇಳುತ್ತಾನೆ. ಈ ಸಲ ಕೇಳಿಸಲಿಲ್ಲ ಎನ್ನಬೇಡ.

ಆರತಿ